ಎಐ ಏಜೆಂಟ್ ಏನು ಮಾಡಿತು ಗೊತ್ತಾಗುತ್ತದೆ, ಏನನ್ನು ಬೇಡ ಅಂದಿತು ಅನ್ನುವುದು ಗೊತ್ತಾಗುವುದಿಲ್ಲ. ನೀವೆಲ್ಲ ಇದನ್ನು ಹೇಗೆ ದಾಖಲಿಸುತ್ತೀರಿ?

ಅರ್ಧವಿರಾಮ:

ರಾತ್ರಿ ಓಡುವ ಬ್ಯಾಚ್ ಕೆಲಸಗಳನ್ನು ನೋಡಿಕೊಳ್ಳಲು ನಮ್ಮ ತಂಡದಲ್ಲಿ ಒಂದು ಏಜೆಂಟ್ (ಭಾಷಾ ಮಾಡೆಲ್ ತಾನೇ ನಿರ್ಧರಿಸಿ ಟೂಲ್‌ಗಳನ್ನು ಓಡಿಸುವ ಪ್ರೋಗ್ರಾಮ್) ಇದೆ. ಯಾವುದಾದರೂ ಕೆಲಸ ಅರ್ಧಕ್ಕೆ ನಿಂತರೆ ಎರರ್ ಓದುತ್ತದೆ, ಕಾರಣ ಏನಿರಬಹುದು ಅಂತ ನೋಡುತ್ತದೆ, ಆಮೇಲೆ ಕೈಯಲ್ಲಿರುವ ಟೂಲ್‌ಗಳಲ್ಲಿ ಒಂದನ್ನು ಬಳಸುತ್ತದೆ. ಮತ್ತೆ ಓಡಿಸಬಹುದು, ಹಳೆಯ ಆವೃತ್ತಿಗೆ ಮರಳಬಹುದು, ಕೆಟ್ಟ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು, ಇಲ್ಲಾ ಡ್ಯೂಟಿಯಲ್ಲಿರುವ ಮನುಷ್ಯರನ್ನು ಎಬ್ಬಿಸಬಹುದು. ಸಾಮಾನ್ಯವಾಗಿ ಒಳ್ಳೆಯ ಕೆಲಸವನ್ನೇ ಮಾಡುತ್ತದೆ, ದೂರು ಅದಲ್ಲ.

ಈಚೆಗೆ ಒಂದು ರಾತ್ರಿ ಅದು ಕೆಟ್ಟ ಭಾಗವನ್ನು ಬಿಟ್ಟು ಮುಂದೆ ಹೋಯಿತು. ಬೆಳಗ್ಗೆ ಲಾಗ್ ತೆಗೆದರೆ ಎಲ್ಲ ಇದೆ. ಯಾವ ಟೂಲ್ ಕರೆಯಿತು, ಏನು ಕೊಟ್ಟಿತು, ಏನು ವಾಪಸ್ ಬಂತು, ಎಷ್ಟು ಟೋಕನ್ ಖರ್ಚಾಯಿತು, ಎಲ್ಲ. ಆದರೆ ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ: ಯಾರನ್ನೂ ಯಾಕೆ ಎಬ್ಬಿಸಲಿಲ್ಲ? ಇದಕ್ಕೆ ಲಾಗ್‌ನಲ್ಲಿ ಉತ್ತರವೇ ಇಲ್ಲ. ಎಬ್ಬಿಸೋಣವೇ ಅಂತ ಯೋಚಿಸಿ ಬೇಡ ಅಂದಿತೋ, ಆ ಆಯ್ಕೆ ಅದಕ್ಕೆ ಹೊಳೆಯಲೇ ಇಲ್ಲವೋ, ಅಥವಾ ಆ ಹೊತ್ತಿಗೆ ಆ ಟೂಲೇ ಕೈಗೆ ಸಿಗುತ್ತಿರಲಿಲ್ಲವೋ, ಹೇಗೆ ಹೇಳುವುದು? ಮೂರರ ಪರಿಹಾರವೂ ಬೇರೆ ಬೇರೆ ಅಲ್ವಾ.

ಈಗ ನನಗೆ ಹೊಳೆದಿರುವುದು ಇಷ್ಟು: ಪ್ರತಿ ಹೆಜ್ಜೆ ಆದ ಮೇಲೆ "ಇನ್ನು ಯಾವ ಆಯ್ಕೆಗಳನ್ನು ನೋಡಿದೆ, ಅವನ್ನು ಯಾಕೆ ಬಿಟ್ಟೆ" ಅಂತ ಮಾಡೆಲ್ ಕೈಯಲ್ಲೇ ಬರೆಸಿ ಲಾಗ್‌ಗೆ ಹಾಕುವುದು. ಯಾರಾದರೂ ಹೀಗೆ ಮಾಡಿದ್ದೀರಾ? ಉಪಯೋಗ ಇದೆಯಾ, ಅಥವಾ ಲಾಗ್ ಉದ್ದ ಆಗುವುದಷ್ಟೇ ಲಾಭವಾ?


ಹಳೇಟರ್ಮಿನಲ್:

ದಾಖಲಿಸಿ, ಅನುಮಾನವೇ ಬೇಡ. ಇದು ಏಜೆಂಟ್‌ಗಳು ಬಂದ ಮೇಲೆ ಹುಟ್ಟಿದ ಯೋಚನೆಯೂ ಅಲ್ಲ. ಪೈಥಾನ್ ಭಾಷೆಗೆ ಬದಲಾವಣೆ ತರಲು ಬರೆಯುವ ಪೆಪ್ ದಾಖಲೆಗಳಲ್ಲಿ, ಬೇಡ ಅಂದ ಯೋಚನೆಗಳಿಗೆ ಅಂತಲೇ ಒಂದು ಭಾಗ ಇರುತ್ತದೆ. ವಾಲ್ರಸ್ ಆಪರೇಟರ್ (:= ಅನ್ನುವ ಚಿಹ್ನೆ) ತಂದ ಪೆಪ್ 572 ತೆಗೆದು ನೋಡಿ. ಅದನ್ನೇ ಬೇರೆ ಯಾವ ಯಾವ ರೀತಿಯಲ್ಲಿ ಬರೆಯಬಹುದಿತ್ತು, ಒಂದೊಂದರಲ್ಲಿ ಏನು ತೊಡಕು, ಎಲ್ಲ ಸಾಲಾಗಿ ಇದೆ. ಪೆಪ್ 3099 ಅಂತೂ ಪೂರ್ತಿ "ಇವು ಬದಲಾಗುವುದಿಲ್ಲ" ಅನ್ನುವ ಪಟ್ಟಿ. ಯಾರಾದರೂ ಹಳೆಯ ವಾದವನ್ನೇ ಮತ್ತೆ ಎತ್ತಿದರೆ ಆ ಕೊಂಡಿ ಕೊಟ್ಟು ಮುಗಿಸಬಹುದು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಡೇಟಾಬೇಸ್. ಒಂದು ಕ್ವೆರಿಯನ್ನು (ಡೇಟಾ ಕೇಳುವ ಆದೇಶವನ್ನು) ಹತ್ತಾರು ರೀತಿಯಲ್ಲಿ ನಡೆಸಬಹುದು, ಪ್ಲಾನರ್ ಅದರಲ್ಲಿ ಒಂದನ್ನು ಆರಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ (ಪ್ಲಾನ್ ತೋರಿಸು ಅನ್ನುವ ಕಮಾಂಡ್) ಕೊಟ್ಟರೆ ಗೆದ್ದ ಪ್ಲಾನ್ ಮಾತ್ರ ಕಾಣುತ್ತದೆ. "ನಾನು ಇಷ್ಟು ಕಷ್ಟಪಟ್ಟು ಹಾಕಿದ ಇಂಡೆಕ್ಸ್ ಯಾಕೆ ಬಳಸಲಿಲ್ಲ" ಅಂತ ತಿಳಿಯಬೇಕಾದರೆ ಆಪ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ಊಹಿಸುತ್ತಾ ಕೂರಬೇಕು. ಮೊಂಗೋಡಿಬಿಯಲ್ಲಿ ಎಕ್ಸ್‌ಪ್ಲೇನ್ ಕೊಟ್ಟರೆ ವಿನ್ನಿಂಗ್ ಪ್ಲಾನ್ ಕೆಳಗೇ ರಿಜೆಕ್ಟೆಡ್ ಪ್ಲಾನ್ಸ್ ಅಂತ ಇನ್ನೊಂದು ಜಾಗ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ 5.6 ಆವೃತ್ತಿಯಿಂದ ಆಪ್ಟಿಮೈಜರ್ ಟ್ರೇಸ್ ಬಂತು, ಯಾವ ಇಂಡೆಕ್ಸ್‌ಗೆ ಎಷ್ಟು ಖರ್ಚಿನ ಲೆಕ್ಕ ಬಂತು, ಯಾವ ಕಾರಣಕ್ಕೆ ಬಿಟ್ಟಿತು ಅನ್ನುವುದನ್ನೂ ತೋರಿಸುತ್ತದೆ. ಒಮ್ಮೆ ಅದನ್ನು ಓದಿ ಅಭ್ಯಾಸವಾದರೆ ಬರೀ ಗೆದ್ದ ಪ್ಲಾನ್ ನೋಡುವುದು ಅರ್ಧ ಕತೆ ಕೇಳಿದ ಹಾಗೆ ಅನ್ನಿಸುತ್ತದೆ.

ನಿಮ್ಮ ಮೇಲಿನವರು ಕೇಳಿದ ಪ್ರಶ್ನೆಯ ರೂಪವನ್ನೂ ಗಮನಿಸಿ. "ಇದನ್ನು ಯಾಕೆ ಮಾಡಿತು" ಅಂತ ಕೇಳಲಿಲ್ಲ, "ಅದನ್ನು ಯಾಕೆ ಮಾಡಲಿಲ್ಲ" ಅಂತ ಕೇಳಿದರು. ಎಐ ಸಂಶೋಧಕ ಟಿಮ್ ಮಿಲ್ಲರ್ 2019ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಲೇಖನದಲ್ಲಿ ಇದನ್ನೇ ಹೇಳುತ್ತಾರೆ: ಜನ ವಿವರಣೆ ಕೇಳುವಾಗ ಮನಸ್ಸಿನಲ್ಲಿ ಇನ್ನೊಂದು ಸಾಧ್ಯತೆ ಇಟ್ಟುಕೊಂಡೇ ಕೇಳುತ್ತಾರೆ, ಅದು ಬಿಟ್ಟು ಇದು ಯಾಕೆ ಅಂತ. ಬಿಟ್ಟದ್ದರ ದಾಖಲೆಯೇ ಇಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರ ಎಲ್ಲಿಂದ ತರುತ್ತೀರಿ?


ಕಪ್ಪುಹಲಗೆ:

ಮೇಲಿನ ಉತ್ತರದ ಮೊದಲ ಅರ್ಧ ಒಪ್ಪುತ್ತೇನೆ. ಡೇಟಾಬೇಸ್ ಉದಾಹರಣೆ ಮಾತ್ರ ಇಲ್ಲಿ ಕೈಕೊಡುತ್ತದೆ.

ಪ್ಲಾನರ್ ಆ ಸೋತ ಪ್ಲಾನ್‌ಗಳನ್ನು ನಿಜವಾಗಿ ಲೆಕ್ಕ ಹಾಕಿರುತ್ತದೆ. ಚೆಸ್ ಆಡುವ ಪ್ರೋಗ್ರಾಮ್ ಸ್ಟಾಕ್‌ಫಿಶ್‌ಗೆ ಮಲ್ಟಿಪಿವಿ ಅನ್ನುವ ಸೆಟ್ಟಿಂಗ್ ಹಾಕಿ ಎರಡನೆಯ, ಮೂರನೆಯ ಒಳ್ಳೆಯ ನಡೆ ತೋರಿಸು ಅಂದರೆ ಅವನ್ನೂ ಅದು ನಿಜವಾಗಿ ಹುಡುಕಿಯೇ ತೋರಿಸುತ್ತದೆ. ಭಾಷಾ ಮಾಡೆಲ್‌ಗೆ "ಇನ್ನೇನು ಯೋಚಿಸಿದ್ದೆ" ಅಂತ ಕೆಲಸ ಮುಗಿದ ಮೇಲೆ ಕೇಳಿದರೆ ಅದು ಎಲ್ಲೋ ಇಟ್ಟ ಪುಸ್ತಕ ತೆಗೆದು ಓದುವುದಿಲ್ಲ, ಆ ಪ್ರಶ್ನೆಗೆ ಹೊಂದುವ ಹೊಸ ಪಠ್ಯ ಬರೆಯುತ್ತದೆ ಅಷ್ಟೇ. ಎರಡು ಪೆದ್ದು ಆಯ್ಕೆಗಳನ್ನು ಪಕ್ಕದಲ್ಲಿ ನಿಲ್ಲಿಸಿ, ಅವನ್ನು ಹೊಡೆದುಹಾಕಿ, ತಾನು ಮಾಡಿದ್ದೇ ಸರಿ ಅಂತ ಚೆಂದವಾಗಿ ಬರೆದುಕೊಡುತ್ತದೆ. ಓದುವವರಿಗೆ ಎಷ್ಟು ಆಳವಾಗಿ ಯೋಚಿಸಿದೆ ಅನ್ನಿಸುತ್ತದೆ. ಇದು ದಾಖಲೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಇದು ನನ್ನ ಸಿನಿಕತನ ಅಲ್ಲ. 2023ರಲ್ಲಿ ಟರ್ಪಿನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ ಇದೆ. ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಕೊಡುವ ಪಠ್ಯದಲ್ಲಿ) ಕೊಟ್ಟ ಮಾದರಿ ಪ್ರಶ್ನೆಗಳಲ್ಲಿ ಸರಿಯುತ್ತರ ಯಾವಾಗಲೂ ಮೊದಲ ಆಯ್ಕೆಯೇ ಆಗುವ ಹಾಗೆ ಜೋಡಿಸಿದರು. ಮಾಡೆಲ್‌ಗಳು ಅದಕ್ಕೆ ವಾಲಿದವು, ತಪ್ಪು ಉತ್ತರ ಕೊಟ್ಟವು, ಹಂತ ಹಂತವಾಗಿ ಕಾರಣವನ್ನೂ ಬರೆದವು. ಆ ಜೋಡಣೆಯ ಪ್ರಭಾವ ಆಯಿತು ಅನ್ನುವ ಮಾತು ಕಾರಣಗಳಲ್ಲಿ ಬರಲೇ ಇಲ್ಲ ಅನ್ನಬಹುದು. 2025ರಲ್ಲಿ ಕ್ಲಾಡ್ ಮಾಡೆಲ್ ತಯಾರಿಸುವ ಆಂತ್ರೋಪಿಕ್ ಕಂಪನಿ ತನ್ನದೇ ಮಾಡೆಲ್ ಸೇರಿಸಿ ಪರೀಕ್ಷೆ ಮಾಡಿತು. ಪ್ರಶ್ನೆಯ ಜೊತೆ ಸುಳಿವು ಕೊಟ್ಟು, ಮಾಡೆಲ್ ಅದನ್ನು ಬಳಸಿಕೊಂಡ ಸಂದರ್ಭಗಳನ್ನು ಮಾತ್ರ ತೆಗೆದು ನೋಡಿದಾಗ, ಸುಳಿವು ಬಳಸಿದೆ ಅಂತ ಹೇಳಿಕೊಂಡದ್ದು ಕ್ಲಾಡ್ 3.7 ಸಾನೆಟ್ ಸರಾಸರಿ 25%, ಡೀಪ್‌ಸೀಕ್ ಆರ್1 39%. ಉಳಿದ ಸಲ ಬೇರೇನೋ ಕಾರಣ.

ಮನುಷ್ಯರೂ ಕಡಿಮೆಯಿಲ್ಲ ಬಿಡಿ. 1977ರಲ್ಲಿ ಮನಶ್ಶಾಸ್ತ್ರಜ್ಞರಾದ ನಿಸ್ಬೆಟ್ ಮತ್ತು ವಿಲ್ಸನ್ ಒಂದೇ ಥರದ ನಾಲ್ಕು ಜೊತೆ ಕಾಲುಚೀಲಗಳನ್ನು ಸಾಲಾಗಿಟ್ಟು ಯಾವುದು ಚೆನ್ನಾಗಿದೆ ಅಂತ ಕೇಳಿದ ಅಧ್ಯಯನದ ಬಗ್ಗೆ ಬರೆದರು. ಜನ ಬಲತುದಿಯದ್ದನ್ನೇ ಜಾಸ್ತಿ ಆರಿಸಿದರು. ಕಾರಣ ಕೇಳಿದರೆ ಅದು ಇದ್ದ ಜಾಗದ ಬಗ್ಗೆ ಒಬ್ಬರೂ ಹೇಳಲಿಲ್ಲ. ಆದರೆ ಮನುಷ್ಯರ ಮಾತನ್ನು ನಾವು ಆಡಿಟ್ ಲಾಗ್ ಅಂತ ಕರೆಯುವುದಿಲ್ಲವಲ್ಲ.


ಅರ್ಧವಿರಾಮ:

ಸರಿ, ಹಾಗಾದರೆ ನಾನು ಹೇಳಿದ ದಾರಿ ಪ್ರಯೋಜನ ಇಲ್ಲ ಅಂತಾಯಿತು. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಮಾಡೆಲ್ ಮಾತು ನಂಬಬೇಡಿ ಅಂದರೆ ಇನ್ಯಾರ ಮಾತು ನಂಬಲಿ? ಅದರ ಒಳಗೆ ಇಣುಕಿ ನೋಡುವ ವಿದ್ಯೆ ನನಗಂತೂ ಬರುವುದಿಲ್ಲ.


ನಡುರಾತ್ರಿ_ಆನ್‌ಕಾಲ್:

ಒಳಗೆ ಇಣುಕುವುದು ಬೇಡ. ಹೊರಗೇ ಸಾಕಷ್ಟು ಸಿಗುತ್ತದೆ, ನಾವು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ ಅಷ್ಟೇ. ಸ್ವಲ್ಪ ಉದ್ದ ಬರೆಯುತ್ತೇನೆ, ಇದೇ ಕೆಲಸ ನನ್ನದೂ.

ಮೊದಲು "ಬಿಟ್ಟ ಆಯ್ಕೆ" ಅನ್ನುವುದನ್ನು ಒಡೆದು ನೋಡಿ. ಮಾಡಿ ನೋಡಿ ಆಗಲಿಲ್ಲ ಅಂತ ಬಿಟ್ಟದ್ದು ಒಂದು. ಮಾಡಲು ಹೊರಟಾಗ ಅನುಮತಿ ಇಲ್ಲ, ಬಜೆಟ್ ಮುಗಿದಿದೆ, ನಿಯಮ ಒಪ್ಪುವುದಿಲ್ಲ ಅಂತ ಹೊರಗಿನಿಂದ ತಡೆದದ್ದು ಇನ್ನೊಂದು. ಇವೆರಡಕ್ಕೂ ಮಾಡೆಲ್ ಬಾಯಿ ಬೇಕಾಗಿಯೇ ಇಲ್ಲ. ಟೂಲ್ ಓಡಿಸುವ ನಿಮ್ಮ ಕೋಡ್‌ಗೆ ಅದು ಗೊತ್ತೇ ಇರುತ್ತದೆ, ಎಷ್ಟೋ ಕಡೆ ಅದನ್ನು ಎರರ್ ಅಂತ ಬರೆದು ಮರೆತುಬಿಡುತ್ತಾರೆ. ಮೂರನೆಯದು ಮಾಡೆಲ್ ಯೋಚಿಸಿ ಬಿಟ್ಟದ್ದು, ಕಪ್ಪುಹಲಗೆ ಹೇಳಿದ ತಕರಾರೆಲ್ಲ ಇದೊಂದಕ್ಕೇ. ನಾಲ್ಕನೆಯದು ಹೊಳೆಯದೇ ಹೋದದ್ದು. ನನ್ನ ಅನುಭವದಲ್ಲಿ ದೊಡ್ಡ ಅನಾಹುತಗಳು ಜಾಸ್ತಿ ಬರುವುದು ಇಲ್ಲಿಂದ, ಯಾವ ಲಾಗ್‌ನಲ್ಲೂ ಇದಕ್ಕೆ ಸಾಲು ಇರುವುದಿಲ್ಲ, ಯಾಕೆಂದರೆ ಆಗದೇ ಇದ್ದದ್ದನ್ನು ಯಾರು ಬರೆಯುತ್ತಾರೆ?

ಹೊಳೆಯದ್ದನ್ನು ಹಿಡಿಯಲು ಸುಲಭದ ದಾರಿ ಇದೆ. ಪ್ರತಿ ಹೆಜ್ಜೆಯಲ್ಲೂ ಆ ಕ್ಷಣಕ್ಕೆ ಮಾಡೆಲ್ ಮುಂದೆ ಯಾವ ಯಾವ ಟೂಲ್‌ಗಳಿದ್ದವು, ಅವುಗಳ ವಿವರಣೆ ಏನಿತ್ತು, ಅನ್ನುವುದನ್ನು ವ್ಯವಸ್ಥೆಯೇ ಬರೆದಿಡಲಿ. ಮೆನುವನ್ನೇ ಲಾಗ್ ಮಾಡಿ ಅಂತ ಅರ್ಥ. ಟೂಲ್ ಪಟ್ಟಿ ಸ್ಥಿರ ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ ಒಂದು ಸರ್ವರ್ ಉತ್ತರ ಕೊಡದಿದ್ದರೆ ಪಟ್ಟಿ ಸದ್ದಿಲ್ಲದೆ ಚಿಕ್ಕದಾಗುತ್ತದೆ. ಮೆನುವಿನಲ್ಲಿ ಇದ್ದದ್ದು, ಮಾಡೆಲ್ ಪಟ್ಟಿ ಮಾಡಿದ್ದು, ಕೊನೆಗೆ ಆರಿಸಿದ್ದು, ಈ ಮೂರನ್ನು ಪಕ್ಕಪಕ್ಕ ಇಟ್ಟರೆ ನಿಮ್ಮ ಮೇಲಿನವರ ಪ್ರಶ್ನೆಗೆ ಒಂದೇ ನೋಟದಲ್ಲಿ ಉತ್ತರ ಸಿಗುತ್ತದೆ.

ಇನ್ನು ಯೋಚಿಸಿ ಬಿಟ್ಟದ್ದರ ವಿಷಯ. ಕೆಲಸ ಆದ ಮೇಲೆ ಕೇಳಬೇಡಿ, ಮೊದಲೇ ಕೇಳಿ. ಒಂದು ಕರೆಯಲ್ಲಿ ಆಯ್ಕೆಗಳ ಪಟ್ಟಿ ಮಾತ್ರ ಕೊಡಲಿ, ಒಂದೊಂದಕ್ಕೂ ಸಂಖ್ಯೆ ಇರಲಿ. ಅದನ್ನು ಲಾಗ್‌ಗೆ ಬರೆದು ಬೀಗ ಹಾಕಿ. ಆಮೇಲಿನ ಕರೆಯಲ್ಲಿ ಅದರಿಂದ ಒಂದು ಸಂಖ್ಯೆ ಆರಿಸಲಿ, ನಿಮ್ಮ ಕೋಡ್ ಆ ಸಂಖ್ಯೆಯದ್ದನ್ನು ಮಾತ್ರ ಓಡಿಸಲಿ. ಆಗ ಪಟ್ಟಿ ಕತೆಯಾಗಿ ಉಳಿಯುವುದಿಲ್ಲ, ಆಯ್ಕೆ ನಿಜವಾಗಿ ಆ ಪಟ್ಟಿಯಿಂದಲೇ ಆಗಿರುತ್ತದೆ. ಕಾರಣ ಈಗಲೂ ಮಾಡೆಲ್‌ನ ಹೇಳಿಕೆಯೇ, ಅದಕ್ಕೇ ಅದನ್ನು ಬೇರೆ ಹೆಸರಿನ ಜಾಗದಲ್ಲಿ ಇಡಿ. ನಮ್ಮ ದಾಖಲೆ ಹೆಚ್ಚು ಕಡಿಮೆ ಹೀಗಿರುತ್ತದೆ:

ಹೆಜ್ಜೆ: 7
ಮೆನುವಿನಲ್ಲಿದ್ದವು: ಮತ್ತೆ ಓಡಿಸು, ಹಿಂದಕ್ಕೆ ಮರಳು, ಬಿಟ್ಟು ಮುಂದೆ ಹೋಗು, ಮನುಷ್ಯರನ್ನು ಎಬ್ಬಿಸು
ಮಾಡೆಲ್ ಮುಂದಿಟ್ಟವು: ಮತ್ತೆ ಓಡಿಸು, ಹಿಂದಕ್ಕೆ ಮರಳು
ಆರಿಸಿದ್ದು: ಮತ್ತೆ ಓಡಿಸು
ಬಿಟ್ಟದ್ದು: ಹಿಂದಕ್ಕೆ ಮರಳು
ಬೇಡ ಅಂದವರು: ಮಾಡೆಲ್
ಹೇಳಿಕೊಂಡ ಕಾರಣ: ಎರರ್ ತಾತ್ಕಾಲಿಕ, ನೆಟ್‌ವರ್ಕ್ ಟೈಮ್‌ಔಟ್
ಮತ್ತೆ ಯಾವಾಗ ನೋಡಬೇಕು: ಇದೇ ಎರರ್ ಎರಡನೇ ಸಲ ಬಂದರೆ

"ಬೇಡ ಅಂದವರು" ಅನ್ನುವ ಸಾಲು ಬಹಳ ಮುಖ್ಯ. ಮಾಡೆಲ್, ನಿಯಮ, ಅನುಮತಿ, ಬಜೆಟ್, ಟೆಸ್ಟ್, ಮನುಷ್ಯ, ಇಷ್ಟರಲ್ಲಿ ಒಂದನ್ನು ಕೋಡ್ ತುಂಬಲಿ, ಮಾಡೆಲ್ ತುಂಬುವುದು ಬೇಡ.

ಹೇಳಿಕೊಂಡ ಕಾರಣ ನಿಜವಾ ಅಂತ ಪರೀಕ್ಷಿಸಲೂ ಆಗುತ್ತದೆ. ಆ ಹೆಜ್ಜೆಯ ಪೂರ್ತಿ ಪ್ರಾಂಪ್ಟ್, ಮಾಡೆಲ್ ಆವೃತ್ತಿ, ಟೂಲ್ ವಿವರಣೆ, ಟೆಂಪರೇಚರ್ (ಉತ್ತರ ಎಷ್ಟು ಬದಲಾಗಬಹುದು ಅನ್ನುವ ಸೆಟ್ಟಿಂಗ್) ಎಲ್ಲ ಉಳಿಸಿದ್ದರೆ ಅದನ್ನೇ ಮತ್ತೆ ಓಡಿಸಿ, ಆದರೆ ಕಾರಣವಾಗಿ ಹೇಳಿದ ಆ ಒಂದು ಸಂಗತಿಯನ್ನು ಮಾತ್ರ ಬದಲಿಸಿ. ಟೈಮ್‌ಔಟ್ ಅಂತ ಇದ್ದ ಕಡೆ "ಟೇಬಲ್‌ನಲ್ಲಿ ಈ ಕಾಲಮ್ ಇಲ್ಲ" ಅಂತ ಹಾಕಿ. ಆಗಲೂ ಅದು ಮತ್ತೆ ಓಡಿಸು ಅಂದರೆ ಆ ಕಾರಣ ಸುಮ್ನೆ ಬರೆದದ್ದು. ಆಯ್ಕೆಗಳ ಕ್ರಮವನ್ನೂ ಕಲಸಿ ನೋಡಿ, ಮೊದಲು ಬಂದದ್ದನ್ನೇ ಆರಿಸುವ ಚಾಳಿ ಇದ್ದರೆ ಬಯಲಾಗುತ್ತದೆ. ಒಂದು ಸಲ ಓಡಿಸಿ ತೀರ್ಮಾನಕ್ಕೆ ಬರಬೇಡಿ, ಟೆಂಪರೇಚರ್ ಸೊನ್ನೆ ಇಟ್ಟರೂ ಎಷ್ಟೋ ಸೇವೆಗಳಲ್ಲಿ ಪ್ರತಿ ಸಲ ಒಂದೇ ಉತ್ತರ ಬರುವುದಿಲ್ಲ.

ಇದನ್ನೆಲ್ಲ ಪ್ರತಿ ಹೆಜ್ಜೆಗೂ ಮಾಡಿದರೆ ಖರ್ಚು ಮಿತಿ ಮೀರುತ್ತದೆ. ಫೈಲ್ ಓದುವುದಕ್ಕೆ, ಹುಡುಕುವುದಕ್ಕೆ ಯಾರಿಗೆ ಬೇಕು ಇದು. ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸಗಳಿಗೆ ಮಾತ್ರ ಇಟ್ಟುಕೊಳ್ಳಿ: ಅಳಿಸುವುದು, ಕಳಿಸುವುದು, ದುಡ್ಡು ಸಾಗಿಸುವುದು, ಮತ್ತು ನಿಮ್ಮ ವಿಷಯದಲ್ಲಿ, ಯಾರಿಗೂ ಹೇಳದೆ ಬಿಟ್ಟು ಮುಂದೆ ಹೋಗುವುದು.


ತರಲೆಟೋಕನ್:

ಆಡಿಟ್ ಆಮೇಲೆ, ಏಜೆಂಟ್‌ಗೇ ಇದರಿಂದ ಲಾಭ ಇದೆ. ತುಂಬ ಹೊತ್ತು ಓಡುವ ಏಜೆಂಟ್‌ನಲ್ಲಿ ಕಾಂಟೆಕ್ಸ್ಟ್ (ಮಾಡೆಲ್ ಒಮ್ಮೆಗೆ ನೋಡಬಲ್ಲ ಪಠ್ಯ) ತುಂಬಿದಾಗ ಹಳೆಯದನ್ನೆಲ್ಲ ಸಾರಾಂಶ ಮಾಡಿ ಬಿಸಾಡುತ್ತೇವಲ್ಲ, ಆ ಸಾರಾಂಶದಲ್ಲಿ ಮಾಡಿದ್ದು ಉಳಿಯುತ್ತದೆ, ಮಾಡಿ ನೋಡಿ ಕೆಟ್ಟದ್ದು ಉದುರಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಕೆಲಸಕ್ಕೆ ಬಾರದ ದಾರಿಗೆ ಮತ್ತೆ ಹುರುಪಿನಿಂದ ಹೊರಡುತ್ತದೆ, ನೋಡುತ್ತಾ ಕೂತವರಿಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಬಿಟ್ಟದ್ದರ ಪಟ್ಟಿಯನ್ನು ಸಾರಾಂಶದ ಹೊರಗೆ, ಬೇರೆ ಫೈಲ್‌ನಲ್ಲಿ ಇಟ್ಟು ಪ್ರತಿ ಸಲ ಓದಿಸಿದರೆ ಇದು ಬಹಳ ಕಡಿಮೆಯಾಗುತ್ತದೆ.

ಒಂದು ಅಪಾಯ ಮಾತ್ರ ಇದೆ. ಆ ಹೊತ್ತಿಗೆ ಹೊರಗಿನ ಸೇವೆ (ಎಪಿಐ) ಬಿದ್ದಿತ್ತು ಅಂತ ಬಿಟ್ಟ ಆಯ್ಕೆಯನ್ನು ವಾರ ಕಳೆದ ಮೇಲೂ "ಇದು ಆಗುವುದಿಲ್ಲ" ಅಂತ ನಂಬಿ ಕೂರುತ್ತದೆ. ಮೇಲೆ ಹೇಳಿದ "ಮತ್ತೆ ಯಾವಾಗ ನೋಡಬೇಕು" ಅನ್ನುವ ಸಾಲು ಇಲ್ಲದಿದ್ದರೆ ಆ ಪಟ್ಟಿ ನಿಧಾನಕ್ಕೆ ಮೂಢನಂಬಿಕೆಗಳ ಪಟ್ಟಿಯಾಗುತ್ತದೆ.


ಕಪ್ಪುಹಲಗೆ:

ಪಟ್ಟಿ ಮೊದಲು, ಆಯ್ಕೆ ಆಮೇಲೆ ಅನ್ನುವುದನ್ನು ಒಪ್ಪಿದೆ. ಆದರೂ ತಲೆಯಲ್ಲಿ ಒಂದನ್ನು ಮೊದಲೇ ಗೊತ್ತುಮಾಡಿಕೊಂಡು ಪಟ್ಟಿಗೆ ಪೆದ್ದು ಆಯ್ಕೆಗಳನ್ನು ತುಂಬುವುದು ನಿಲ್ಲುವುದಿಲ್ಲ. ಪಟ್ಟಿ ಮಾಡುವ ಕೆಲಸವನ್ನು ಒಂದು ಮಾಡೆಲ್‌ಗೂ ಆರಿಸುವುದನ್ನು ಇನ್ನೊಂದಕ್ಕೂ ಕೊಟ್ಟರೆ ಸ್ವಲ್ಪ ವಾಸಿ.

ಮತ್ತೆ, ಯಾರೂ ಈ ಕಾರಣಗಳಿಗೆ ಅಂಕ ಕೊಟ್ಟು ಅದರ ಮೇಲೆ ಮಾಡೆಲ್‌ಗೆ ತರಬೇತಿ ಕೊಡಲು ಹೋಗಬೇಡಿ. 2025ರಲ್ಲಿ ಓಪನ್‌ಎಐ ಸಂಶೋಧಕರು ತೋರಿಸಿದ್ದು ಇದನ್ನೇ. ಮೋಸದ ಉದ್ದೇಶ ಯೋಚನೆಯಲ್ಲಿ ಕಂಡಾಗಲೆಲ್ಲ ದಂಡ ಹಾಕಿದರೆ, ಒತ್ತಡ ಜಾಸ್ತಿ ಆದಂತೆ ಮಾಡೆಲ್ ಮೋಸ ನಿಲ್ಲಿಸುವುದಿಲ್ಲ, ಉದ್ದೇಶವನ್ನು ಬರೆಯುವುದನ್ನು ನಿಲ್ಲಿಸುತ್ತದೆ. ಬಿಟ್ಟ ಆಯ್ಕೆಗಳ ಪಟ್ಟಿಗೂ ಅದೇ ಗತಿ ಆಗುತ್ತದೆ ಅಂತ ನನ್ನ ಅನುಮಾನ.


ಷರಾ_ಬರೆಯುವವರು:

ಎಲ್ಲರೂ ಎಂಜಿನಿಯರ್‌ಗಳಂತೆ ಮಾತಾಡುತ್ತಿದ್ದೀರಿ, ನಾನು ಕಂಪ್ಲಯನ್ಸ್ (ಕಾನೂನು ಪಾಲನೆ) ಕಡೆಯವಳು. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು, ಅದರ ಕರ್ತವ್ಯಗಳು ಹಂತ ಹಂತವಾಗಿ ಅನ್ವಯವಾಗುವ ಹಾಗೆ ಮಾಡಿದ್ದಾರೆ. ಹೆಚ್ಚು ಅಪಾಯದ ವ್ಯವಸ್ಥೆಗಳು ನಡೆದದ್ದನ್ನು ತಾವಾಗಿಯೇ ಲಾಗ್ ಮಾಡುವಂತಿರಬೇಕು ಅಂತ 12ನೇ ವಿಧಿ ಹೇಳುತ್ತದೆ, ಅಂಥ ಲಾಗ್‌ಗಳನ್ನು ಕನಿಷ್ಠ 6 ತಿಂಗಳು ಇಡಬೇಕು ಅಂತ 19ನೇ ವಿಧಿ. ಬಿಟ್ಟ ಆಯ್ಕೆಗಳನ್ನು ಬರೆಯಿರಿ ಅಂತ ಅಲ್ಲಿ ಹೇಳಿಲ್ಲ. ಆದರೆ ಒಮ್ಮೆ ಬರೆದಿರಿ ಅಂದರೆ ಅದೂ ದಾಖಲೆಯೇ, ಕೇಳಿದಾಗ ತೋರಿಸಬೇಕಾಗಿ ಬರಬಹುದು.

ಬ್ಯಾಚ್ ಕೆಲಸದಲ್ಲಿ ಬಿಟ್ಟದ್ದು ಒಂದು ಕಮಾಂಡ್. ಕೆಲಸದ ಅರ್ಜಿಗಳನ್ನು ಜರಡಿ ಹಿಡಿಯುವ ಏಜೆಂಟ್‌ನಲ್ಲಿ ಬಿಟ್ಟದ್ದು ಮನುಷ್ಯರು. ಅವರ ಹೆಸರು, ಓದು, ಆರೋಗ್ಯದ ಬಗ್ಗೆ ಏನೋ ಒಂದು ಸಾಲು, ಅದರ ಪಕ್ಕದಲ್ಲಿ ಮಾಡೆಲ್ ಸುಮ್ನೆ ಬರೆದ ಕಾರಣ, ಎಲ್ಲ ತಿಂಗಳುಗಟ್ಟಲೆ ಸರ್ವರ್‌ನಲ್ಲಿ ಇರುತ್ತದೆ. ಆ ಲಾಗ್ ಯಾರು ಓದಬಹುದು, ಯಾವಾಗ ಅಳಿಸಬೇಕು ಅನ್ನುವುದನ್ನು ಮೊದಲ ದಿನವೇ ಗೊತ್ತುಮಾಡಿ. ಹೆಸರಿನ ಬದಲು ಗುರುತಿನ ಸಂಖ್ಯೆ ಇಡಿ. ಹಾಗಂತ ಬರೆಯಲೇಬೇಡಿ ಅನ್ನುವ ವಕೀಲರ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಬಿಟ್ಟಿರಿ ಅಂತ ಅರ್ಜಿದಾರರು ಕೇಳಿದಾಗ ಗೊತ್ತಿಲ್ಲ ಅನ್ನುವುದು ಅದಕ್ಕಿಂತ ಕೆಟ್ಟ ಜಾಗಕ್ಕೆ ತಂದು ನಿಲ್ಲಿಸುತ್ತದೆ.


ಅರ್ಧವಿರಾಮ:

ಎಲ್ಲರಿಗೂ ಥ್ಯಾಂಕ್ಸ್. ಮೆನು ಲಾಗ್ ಮಾಡುವುದು ಮತ್ತು ಪಟ್ಟಿ ಮೊದಲು, ಆಯ್ಕೆ ಆಮೇಲೆ, ಇವೆರಡನ್ನು ಹಾಕಿ ಉಳಿಸಿಟ್ಟಿದ್ದ ಹಳೆಯ ಎರರ್‌ಗಳ ಮೇಲೆ ಓಡಿಸಿದೆ. ವಿಷಯ ಬೇಗ ಬಯಲಾಯಿತು. ಮನುಷ್ಯರನ್ನು ಎಬ್ಬಿಸುವ ಟೂಲ್ ಮೆನುವಿನಲ್ಲಿ ಪ್ರತಿ ಸಲ ಇದೆ, ಮಾಡೆಲ್ ಮಾಡಿದ ಪಟ್ಟಿಯಲ್ಲಿ ಹೆಚ್ಚು ಕಡಿಮೆ ಒಮ್ಮೆಯೂ ಇಲ್ಲ. ಅಂದರೆ ಯೋಚಿಸಿ ಬಿಟ್ಟದ್ದಲ್ಲ. ಟೂಲ್‌ನ ವಿವರಣೆ ತೆಗೆದು ನೋಡಿದರೆ "ಬೇರೆ ಎಲ್ಲ ದಾರಿಗಳೂ ಮುಗಿದ ಮೇಲೆ ಮಾತ್ರ ಬಳಸಿ" ಅಂತ ಇದೆ, ರಾತ್ರಿ ಸುಮ್ಮಸುಮ್ಮನೆ ಫೋನ್ ಬರುವುದು ನಿಲ್ಲಲಿ ಅಂತ ಯಾವಾಗಲೋ ಸೇರಿದ ಸಾಲು. ಬಿಟ್ಟು ಮುಂದೆ ಹೋಗುವ ದಾರಿ ಯಾವಾಗಲೂ ತೆರೆದೇ ಇರುವಾಗ ಎಲ್ಲ ದಾರಿ ಮುಗಿಯುವುದು ಯಾವಾಗ?

ಆ ಸಾಲು ತೆಗೆದು ಓಡಿಸಿದರೆ ಪಟ್ಟಿಯಲ್ಲಿ ಬರುತ್ತದೆ, ಕೆಲವು ಸಲ ಆರಿಸುತ್ತದೆ, ಕೆಲವು ಸಲ ಬಿಡುತ್ತದೆ. ಬಿಟ್ಟ ಕಡೆ ಹೇಳಿಕೊಂಡ ಕಾರಣಗಳನ್ನು ಇನ್ನೂ ಪರೀಕ್ಷೆ ಮಾಡಿಲ್ಲ. ಒಂದು ಪ್ರಶ್ನೆ ಉಳಿದಿದೆ: ಈ ದಾಖಲೆಯನ್ನು ಟ್ರೇಸ್ (ಒಂದು ಓಟದ ಹೆಜ್ಜೆ ಹೆಜ್ಜೆಯ ದಾಖಲೆ) ಒಳಗೇ ಇಡುತ್ತೀರಾ, ಬೇರೆ ಕಡೆಯಾ?


ನಡುರಾತ್ರಿ_ಆನ್‌ಕಾಲ್:

ಬೇರೆ ಕಡೆ, ಟ್ರೇಸ್ ಐಡಿ ಹಾಕಿ ಜೋಡಿಸಿ. ಟ್ರೇಸ್‌ಗಳನ್ನು ಜಾಸ್ತಿ ಜನ ಸ್ಯಾಂಪಲ್ ಮಾಡಿ ಉಳಿದದ್ದನ್ನು ಬಿಸಾಡುತ್ತಾರೆ, ನಿಮಗೆ ಬೇಕಾದ ರಾತ್ರಿಯದ್ದೇ ಇರುವುದಿಲ್ಲ. ಸೇರಿಸಲು ಮಾತ್ರ ಆಗುವ, ತಿದ್ದಲು ಆಗದ ಟೇಬಲ್ ಇರಲಿ, ಏಜೆಂಟ್‌ಗೆ ಅದರಲ್ಲಿ ಬರೆಯುವ ಅನುಮತಿ ಕೊಡಬೇಡಿ, ನಿಮ್ಮ ಕೋಡ್ ಬರೆಯಲಿ. ಮತ್ತೆ ಟೂಲ್ ವಿವರಣೆಯ ಪಠ್ಯವನ್ನೂ ಅದರ ಜೊತೆಗೇ ಉಳಿಸಿ, ಹೆಸರು ಮಾತ್ರ ಉಳಿಸಿದ್ದರೆ ಈ ಸಲ ನಿಮಗೆ ಆ ಸಾಲು ಸಿಗುತ್ತಿರಲಿಲ್ಲ.